ಮೇಣದಬತ್ತಿಯ ಮೇಷ್ಟ್ರು: ಮೈಕೆಲ್ ಫ್ಯಾರಡೆ

 

ಈ ಸಲದ ಗೋಡೆಪತ್ರಿಕೆಗೆ ನಾನು ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿಯ ಜೀವನ ಚರಿತ್ರೆ ಬರೆದಿದ್ದೇನೆ. ಯಾಕೆ ಇವರನ್ನೇ ಆರಿಸಿಕೊಂಡೆ ಅನ್ನೋದನ್ನ ಮೊದಲು ಹೇಳಬೇಕು. ಅದರಲ್ಲಿ ನನ್ನ ತಪ್ಪೂ ಒಂದು ಇದೆ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ ಅಂತ ನಿಮಗೆಲ್ಲ ಗೊತ್ತು. ಆ ದಿನ ಏಳನೇ ತರಗತಿಯವರು ಚಿಕ್ಕ ತರಗತಿಗಳಿಗೆ ಹೋಗಿ ಒಂದೊಂದು ವಿಜ್ಞಾನ ಪಾಠ ಮಾಡಬೇಕು ಅಂತ ಮೇಷ್ಟ್ರು ಹೇಳಿದ್ದರು. ನನಗೆ ನಾಲ್ಕನೇ ತರಗತಿ ಬಂತು. ನಾನು ದಹನಕ್ರಿಯೆ ಅನ್ನೋ ಪಾಠದ ಎರಡು ಪುಟ ಬಾಯಿಪಾಠ ಮಾಡಿಕೊಂಡು ಹೋಗಿ ಗಡಗಡ ಅಂತ ಒಪ್ಪಿಸಿದೆ. ಹತ್ತು ನಿಮಿಷಕ್ಕೆ ಮುಗಿದೇ ಹೋಯಿತು. ಒಬ್ಬ ಪೆನ್ಸಿಲ್ ಹೆರೆಯುತ್ತಾ ಕೂತಿದ್ದ. ಹಿಂದಿನ ಸಾಲಿನವರು ಕಿಟಕಿಯಾಚೆ ಮೇಕೆ ಮರಿ ನೋಡ್ತಿದ್ದರು. ಏನಾದರೂ ಕೇಳೋದಿದ್ದರೆ ಕೇಳಿ ಅಂದೆ. ಒಬ್ಬ ಹುಡುಗ ಎದ್ದು ನಿಂತ. ಅವನಿಗೆ ರ ಅಕ್ಷರ ಬರಲ್ಲ, ಲ ಅಂತಾನೆ. ಅವನು ಬಾಯಿ ತೆಗೆದ ಕೂಡಲೇ ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಕೂತುಬಿಟ್ಟ. ಏನು ಕೇಳಬೇಕು ಅಂತಿದ್ದನೋ ಕೇಳಲೇ ಇಲ್ಲ.

ಮೇಷ್ಟ್ರು ಬಾಗಿಲಲ್ಲಿ ನಿಂತು ಎಲ್ಲಾ ನೋಡಿದ್ದರು. ನನ್ನನ್ನು ಬೈಯಲಿಲ್ಲ. ಗ್ರಂಥಾಲಯದ ಬೀರುವಿನಿಂದ ಒಂದು ತೆಳು ಪುಸ್ತಕ ತೆಗೆದು ಕೈಗೆ ಕೊಟ್ಟು, ಇದನ್ನು ಓದಿ ಮುಂದಿನ ಶನಿವಾರ ಅದೇ ತರಗತಿಗೆ ಮತ್ತೆ ಹೋಗು ಅಂದರು. ಆ ಪುಸ್ತಕ ಫ್ಯಾರಡೆಯವರ ಬಗ್ಗೆ ಇತ್ತು. ಅದರಲ್ಲಿ ಓದಿದ್ದನ್ನೂ ಮೇಷ್ಟ್ರು ಹೇಳಿದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಜನನ ಮತ್ತು ಬಾಲ್ಯ

ಮೈಕೆಲ್ ಫ್ಯಾರಡೆ 1791ನೇ ಇಸವಿ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ ಜನಿಸಿದರು. ಈಗ ಆ ಜಾಗ ಲಂಡನ್ ನಗರದ ಒಳಗೇ ಸೇರಿಹೋಗಿದೆ. ತಂದೆ ಜೇಮ್ಸ್ ಫ್ಯಾರಡೆ. ತಾಯಿ ಮಾರ್ಗರೆಟ್. ನಾಲ್ಕು ಜನ ಮಕ್ಕಳಲ್ಲಿ ಮೈಕೆಲ್ ಮೂರನೆಯವನು. ತಂದೆಯದು ಕಮ್ಮಾರನ ಕೆಲಸ. ಕುದುರೆಗೆ ಲಾಳ ಕಟ್ಟುವುದು, ಕಬ್ಬಿಣ ಕಾಯಿಸಿ ಬಡಿಯುವುದು. ಆದರೆ ಅವರಿಗೆ ಮೈಯಲ್ಲಿ ಸದಾ ಹುಷಾರಿರುತ್ತಿರಲಿಲ್ಲ. ಎಷ್ಟೋ ದಿನ ಕುಲುಮೆ ಆರಿಯೇ ಇರುತ್ತಿತ್ತು. 1801ರಲ್ಲಿ ಅಲ್ಲಿ ದವಸದ ಬೆಲೆ ತುಂಬಾ ಏರಿತು. ಆಗ ಮೈಕೆಲ್‌ಗೆ ತಾಯಿ ವಾರಕ್ಕೆ ಒಂದೇ ಒಂದು ರೊಟ್ಟಿಯ ಉಂಡೆ ಕೊಡುತ್ತಿದ್ದರಂತೆ. ಅಂದರೆ ಬ್ರೆಡ್ಡು. ಅದನ್ನೇ ಇಡೀ ವಾರ ಹಂಚಿಕೊಂಡು ತಿನ್ನಬೇಕು. ಒಂಬತ್ತು ಹತ್ತು ವರ್ಷದ ಹುಡುಗ, ಯೋಚನೆ ಮಾಡಿ ನೋಡಿ.

ಶಾಲೆಯಲ್ಲಿ ಮೈಕೆಲ್ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ ಅಷ್ಟೇ. ಅವನಿಗೂ ಚಿಕ್ಕಂದಿನಲ್ಲಿ ರ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ ಅಂತ ಒಂದು ಕಥೆ ಹೇಳುತ್ತಾರೆ. ಅಣ್ಣನ ಹೆಸರು ರಾಬರ್ಟ್. ಮೈಕೆಲ್ ಅದನ್ನು ವಾಬರ್ಟ್ ಅನ್ನುತ್ತಿದ್ದನಂತೆ. ಶಾಲೆಯ ಅಮ್ಮನವರಿಗೆ ಸಿಟ್ಟು ಬಂದು, ಬೆತ್ತ ತರಲಿಕ್ಕೆ ಅದೇ ರಾಬರ್ಟ್‌ನ ಕೈಗೇ ಕಾಸು ಕೊಟ್ಟು ಕಳಿಸಿದರಂತೆ. ತಮ್ಮನಿಗೆ ಹೊಡೆಯುವ ಬೆತ್ತ ಅಣ್ಣ ತರಬೇಕು! ರಾಬರ್ಟ್ ಆ ಕಾಸನ್ನು ಗೋಡೆಯಾಚೆ ಎಸೆದು ಸೀದಾ ಮನೆಗೆ ಹೋಗಿ ತಾಯಿಗೆ ಹೇಳಿದ. ತಾಯಿ ಬಂದು ಇಬ್ಬರನ್ನೂ ಆ ಶಾಲೆಯಿಂದ ಬಿಡಿಸಿಕೊಂಡು ಹೋದರಂತೆ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆ ಅಂತ ನಿಮಗೆ ಗೊತ್ತಾಗಿರಬೇಕು.

ಹದಿಮೂರನೇ ವರ್ಷಕ್ಕೆ ಕೆಲಸ

1804ರಲ್ಲಿ ಮೈಕೆಲ್ ಲಂಡನ್ನಿನ ಬ್ಲಾಂಡ್‌ಫರ್ಡ್ ಬೀದಿಯಲ್ಲಿದ್ದ ಜಾರ್ಜ್ ರಿಬೋ ಅನ್ನುವವರ ಪುಸ್ತಕದ ಅಂಗಡಿಗೆ ಕೆಲಸಕ್ಕೆ ಸೇರಿದ. ಆಗ ಅವನಿಗೆ ಹದಿಮೂರು ವರ್ಷ. ನನಗೂ ಈಗ ಹದಿಮೂರೇ. ಆ ಕಾಲದಲ್ಲಿ ಪತ್ರಿಕೆ ಕೊಳ್ಳಲಾಗದವರು ಬಾಡಿಗೆಗೆ ತರಿಸಿ ಓದುತ್ತಿದ್ದರು. ಮೈಕೆಲ್ ಮನೆಮನೆಗೆ ಪತ್ರಿಕೆ ಕೊಟ್ಟು, ಅವರು ಓದಿದ ಮೇಲೆ ವಾಪಸ್ ಇಸಕೊಂಡು ಬರಬೇಕು. ಒಂದು ವರ್ಷ ಹೀಗೆ ಓಡಾಡಿದ. ಹುಡುಗ ಚುರುಕು ಅಂತ ಕಂಡು ರಿಬೋ ಸಾಹೇಬರು ದುಡ್ಡು ತೆಗೆದುಕೊಳ್ಳದೆ ಏಳು ವರ್ಷ ಬೈಂಡಿಂಗ್ ಕೆಲಸ ಕಲಿಸಲಿಕ್ಕೆ ಒಪ್ಪಿದರು.

ಬೈಂಡಿಂಗ್ ಅಂದರೆ ಹಾಳೆಗಳನ್ನು ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟುವುದು. ಬೇರೆ ಹುಡುಗರು ಪುಸ್ತಕದ ಹೊರಗಡೆ ಮಾತ್ರ ನೋಡುತ್ತಿದ್ದರು. ಮೈಕೆಲ್ ಒಳಗಡೆಯೂ ನೋಡಿದ. ಒಂದು ದಿನ ದೊಡ್ಡ ವಿಶ್ವಕೋಶದ ಒಂದು ಸಂಪುಟದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ ಕಣ್ಣಿಗೆ ಬಿತ್ತು. ಇನ್ನೊಂದು ಪುಸ್ತಕವೂ ಸಿಕ್ಕಿತು. ಅದನ್ನು ಬರೆದವರು ಜೇನ್ ಮಾರ್ಸೆಟ್ ಎಂಬ ಹೆಂಗಸು. ರಸಾಯನ ಶಾಸ್ತ್ರದ ಮೇಲೆ ಸಂಭಾಷಣೆಗಳು ಅಂತ ಆ ಪುಸ್ತಕದ ಹೆಸರು. ಒಬ್ಬ ಟೀಚರಮ್ಮ, ಇಬ್ಬರು ಹುಡುಗಿಯರು. ಹುಡುಗಿಯರು ಪ್ರಶ್ನೆ ಕೇಳುತ್ತಾರೆ, ಟೀಚರಮ್ಮ ಉತ್ತರ ಹೇಳುತ್ತಾರೆ, ಪ್ರಯೋಗ ಮಾಡಿ ತೋರಿಸುತ್ತಾರೆ. ಏನೂ ಗೊತ್ತಿಲ್ಲದವರಿಗೂ ಅರ್ಥವಾಗಲಿ ಅಂತ ಬರೆದ ಪುಸ್ತಕ ಅದು.

ಮೈಕೆಲ್ ಅದನ್ನು ಓದಿ ಸುಮ್ಮನಾಗಲಿಲ್ಲ. ಪುಸ್ತಕದಲ್ಲಿ ಹೇಳಿರೋದು ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಲು ಹೊರಟ. ತನ್ನ ಹತ್ತಿರ ಇದ್ದ ಚೂರುಪಾರು ಕಾಸಿನಲ್ಲಿ ಸಾಮಾನು ತಂದು ಸಣ್ಣ ಸಣ್ಣ ಪ್ರಯೋಗ ಮಾಡಿ ನೋಡಿದ. ಎಲ್ಲಾ ಸರಿ ಬಂತು. ಆವಾಗ ಅವನಿಗೆ ವಿಜ್ಞಾನದ ಮೇಲೆ ನಂಬಿಕೆ ಬಂತು. ದೊಡ್ಡ ವಿಜ್ಞಾನಿ ಆದ ಮೇಲೂ ಅವರು ಮಾರ್ಸೆಟ್ ಅವರನ್ನು ತನ್ನ ಮೊದಲ ಗುರು ಅಂತ ನೆನೆಯುತ್ತಿದ್ದರು. ತಾನು ಬರೆದ ಲೇಖನಗಳನ್ನು ಅವರಿಗೆ ಕಳಿಸಿಕೊಡುತ್ತಿದ್ದರು. ಮಕ್ಕಳಿಗೆ ಅರ್ಥವಾಗೋ ಹಾಗೆ ಒಬ್ಬರು ಬರೆದಿದ್ದರಿಂದ ಒಬ್ಬ ಫ್ಯಾರಡೆ ಹುಟ್ಟಿಕೊಂಡರು ಅಂತ ನನಗೆ ಅನ್ನಿಸುತ್ತದೆ.

ಅಣ್ಣ ಕೊಟ್ಟ ಶಿಲ್ಲಿಂಗ್

1810ರಲ್ಲಿ ಲಂಡನ್ನಿನಲ್ಲಿ ಟೇಟಮ್ ಎಂಬುವರು ತಮ್ಮ ಮನೆಯಲ್ಲಿ ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ನಡೆಸುತ್ತಿದ್ದರು. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್. ಮೈಕೆಲ್ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅಣ್ಣ ರಾಬರ್ಟ್ ಅಷ್ಟರಲ್ಲಿ ಅಪ್ಪನ ಹಾಗೇ ಕಮ್ಮಾರನಾಗಿದ್ದ. ಅವನು ಸುತ್ತಿಗೆ ಬಡಿದು ಸಂಪಾದಿಸಿದ ದುಡ್ಡಲ್ಲಿ ತಮ್ಮನಿಗೆ ಶಿಲ್ಲಿಂಗ್ ಕೊಟ್ಟು ಕಳಿಸಿದ. ಅದೇ ವರ್ಷ ತಂದೆ ತೀರಿಕೊಂಡರು.

ರಾಬರ್ಟ್‌ನ ಹೆಸರು ವಿಜ್ಞಾನದ ಪಾಠದಲ್ಲಿ ಎಲ್ಲೂ ಬರುವುದಿಲ್ಲ. ನಮ್ಮಣ್ಣನೂ ಶಾಲೆ ಬಿಟ್ಟು ಟ್ರಾಕ್ಟರ್ ರಿಪೇರಿ ಕೆಲಸಕ್ಕೆ ಹೋಗುತ್ತಾನೆ. ನನ್ನ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು ಎಲ್ಲಾ ಅವನು ತಂದುಕೊಟ್ಟದ್ದು. ಆದ್ದರಿಂದ ನಾನು ಇಲ್ಲಿ ರಾಬರ್ಟ್‌ನ ಹೆಸರು ಬಿಡದೆ ಬರೆದಿದ್ದೇನೆ.

ಡೇವಿಯವರ ಭೇಟಿ

ರಿಬೋ ಅವರ ಅಂಗಡಿಗೆ ಬರುತ್ತಿದ್ದ ಡಾನ್ಸ್ ಎಂಬ ಗಿರಾಕಿ ಈ ಹುಡುಗನ ಆಸಕ್ತಿ ನೋಡಿ 1812ರಲ್ಲಿ ಅವನಿಗೆ ಟಿಕೆಟ್ ಕೊಡಿಸಿದರು. ಸಿನಿಮಾ ಟಿಕೆಟ್ ಅಲ್ಲ! ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಸರ್ ಹಂಫ್ರಿ ಡೇವಿ ಎಂಬ ಪ್ರಸಿದ್ಧ ವಿಜ್ಞಾನಿ ಮಾಡುತ್ತಿದ್ದ ನಾಲ್ಕು ಉಪನ್ಯಾಸಗಳ ಟಿಕೆಟ್. ಮೈಕೆಲ್ ಮೇಲಿನ ಅಟ್ಟಣೆಯಲ್ಲಿ ಗಡಿಯಾರದ ಹತ್ತಿರ ಕೂತು ಪ್ರತಿಯೊಂದನ್ನೂ ಬರೆದುಕೊಂಡ. ಮನೆಗೆ ಬಂದು ಅದನ್ನು ಶುದ್ಧವಾಗಿ ನಕಲು ಮಾಡಿ, ಚಿತ್ರ ಬರೆದು, ತನ್ನ ಕೈಯಾರೆ ಬೈಂಡ್ ಮಾಡಿ, ಒಂದು ಕಾಗದದ ಜೊತೆ ಡೇವಿಯವರಿಗೆ ಕಳಿಸಿದ. ವಿಜ್ಞಾನದ ಕೆಲಸ ಯಾವುದಾದರೂ ಕೊಡಿ ಅಂತ ಕೇಳಿದ್ದ.

ಡೇವಿಯವರು ಅವನನ್ನು ಕರೆಸಿ ಮಾತಾಡಿದರು. ಆಗ ಕೆಲಸ ಖಾಲಿ ಇರಲಿಲ್ಲ. ಕೆಲವು ವಾರದ ಮೇಲೆ ಅಲ್ಲಿದ್ದ ಒಬ್ಬ ಸಹಾಯಕ ಜಗಳ ಮಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಮೈಕೆಲ್ ಆ ಜಾಗಕ್ಕೆ ಬಂದ. ಸಂಬಳದ ಜೊತೆಗೆ ಮಹಡಿ ಮೇಲೆ ವಾಸಕ್ಕೆ ಎರಡು ಕೋಣೆ, ಉರಿಸಲು ಕಲ್ಲಿದ್ದಲು, ಮೇಣದಬತ್ತಿ. ಶೀಷೆ ತೊಳೆಯುವುದು, ಸಾಮಾನು ಜೋಡಿಸುವುದು ಅವನ ಕೆಲಸ. ಅದೇ ವರ್ಷ ಡೇವಿ ದಂಪತಿಗಳ ಜೊತೆ ಯುರೋಪ್ ಪ್ರವಾಸ ಹೋದಾಗ ಡೇವಿಯವರ ಹೆಂಡತಿ ಅವನನ್ನು ಆಳಿನ ಹಾಗೆ ನಡೆಸಿಕೊಂಡರು. ಅವನಿಗೆ ತುಂಬಾ ಬೇಜಾರಾಗಿತ್ತು. ಆದರೂ ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಕಂಡು ಕಲಿಯುವುದನ್ನು ಬಿಡಲಿಲ್ಲ.

ಇಲ್ಲಿಂದ ಮುಂದೆ ನಾನು ಅವರನ್ನು ಅವನು ಅಂತ ಬರೆಯುವುದಿಲ್ಲ. ಫ್ಯಾರಡೆಯವರು ಅಂತಲೇ ಬರೆಯುತ್ತೇನೆ.

ಸಂಶೋಧನೆಗಳು

1821ರಲ್ಲಿ ಫ್ಯಾರಡೆಯವರಿಗೆ ಸಾರಾ ಬರ್ನಾರ್ಡ್ ಎಂಬುವರ ಜೊತೆ ಮದುವೆಯಾಯಿತು. ಅದೇ ವರ್ಷ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಾನೇ ತಿರುಗುವ ಹಾಗೆ ಮಾಡಿ ತೋರಿಸಿದರು. ಮೋಟಾರಿಗೆ ಅದೇ ಮೂಲ. 1831ರ ಆಗಸ್ಟ್ 29ರಂದು ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿ, ಒಂದು ಕಡೆಯ ತಂತಿಗೆ ಬ್ಯಾಟರಿ ಜೋಡಿಸಿದರು. ಜೋಡಿಸಿದ ಕ್ಷಣದಲ್ಲಿ ಮತ್ತು ತೆಗೆದ ಕ್ಷಣದಲ್ಲಿ ಇನ್ನೊಂದು ಕಡೆಯ ತಂತಿಯಲ್ಲೂ ವಿದ್ಯುತ್ ಹರಿಯಿತು. ಆ ವರ್ಷವೇ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸಿದರೂ ವಿದ್ಯುತ್ ಹುಟ್ಟುತ್ತದೆ ಅಂತ ಕಂಡುಹಿಡಿದರು.

ನಮ್ಮೂರ ಟಿ.ಸಿ. ಕಂಬದ ಮೇಲೆ ಗುಂಯ್ ಅನ್ನೋ ಟ್ರಾನ್ಸ್‌ಫಾರ್ಮರ್ ಆ ಬಳೆಯ ಮೊಮ್ಮಗ. ಸೈಕಲ್ ಡೈನಮೋ, ಶಿವನಸಮುದ್ರದಲ್ಲಿ 1902ರಲ್ಲಿ ಶುರುವಾದ ವಿದ್ಯುತ್ ಕೇಂದ್ರದ ದೊಡ್ಡ ಯಂತ್ರಗಳು, ಎಲ್ಲವೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ.

ಇನ್ನೊಂದು ವಿಷಯ. ಫ್ಯಾರಡೆಯವರಿಗೆ ಗಣಿತ ಹೆಚ್ಚು ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಚಿತ್ರ ಮಾಡಿಕೊಂಡು ಯೋಚಿಸುತ್ತಿದ್ದರು. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಸಾಲುಸಾಲಾಗಿ ನಿಲ್ಲುತ್ತದಲ್ಲ, ಆ ಗೆರೆಗಳನ್ನು ನೋಡಿ ಅವರು ಹೇಳಿದ ವಿಚಾರವನ್ನು ಆಮೇಲೆ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ಗಣಿತದಲ್ಲಿ ಬರೆದರು. ಇದನ್ನು ಓದಿ ನಮ್ಮಲ್ಲಿ ಯಾರೂ ಲೆಕ್ಕ ಬಿಡಬೇಡಿ. ಲೆಕ್ಕದ ಮೇಷ್ಟ್ರೂ ಈ ಪತ್ರಿಕೆ ಓದುತ್ತಾರೆ.

ಮಕ್ಕಳಿಗೆ ಪಾಠ

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬಂದೆ. 1825ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿಯೇ ವಿಜ್ಞಾನದ ಉಪನ್ಯಾಸಗಳು ಶುರುವಾದವು. ಫ್ಯಾರಡೆಯವರು 1827ರಲ್ಲಿ ಮೊದಲ ಸಲ ಅಲ್ಲಿ ಪಾಠ ಮಾಡಿದರು. ಆಮೇಲೆ 1860ರ ತನಕ ಒಟ್ಟು 19 ವರ್ಷದ ರಜೆಗಳಲ್ಲಿ ಅವರೇ ಪಾಠ ಮಾಡಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಅಷ್ಟು ದೊಡ್ಡ ವಿಜ್ಞಾನಿ, ಮಕ್ಕಳ ಮುಂದೆ ನಿಂತಾಗ ತಾನೂ ಒಬ್ಬ ಮಗು ಅಂತಲೇ ತಿಳಿದು ಮಾತಾಡುತ್ತಿದ್ದರು.

ಅವರು ಹುಟ್ಟಿನಿಂದಲೇ ಒಳ್ಳೆಯ ಮಾತುಗಾರ ಅಂದುಕೊಳ್ಳಬೇಡಿ. ಹರೆಯದಲ್ಲೇ ಬೇರೆಯವರ ಉಪನ್ಯಾಸಕ್ಕೆ ಹೋದಾಗ ಪಾಠ ಕೇಳುವುದರ ಜೊತೆಗೆ, ಪಾಠ ಹೇಗೆ ಮಾಡುತ್ತಾರೆ ಅಂತಲೂ ಗಮನಿಸಿ ಬರೆದಿಟ್ಟುಕೊಂಡಿದ್ದರು. ಒಂದು ಗಂಟೆಗಿಂತ ಹೆಚ್ಚು ಮಾತಾಡಬಾರದು, ಪ್ರಯೋಗದ ಸಾಮಾನು ಎಲ್ಲರಿಗೂ ಕಾಣುವ ಹಾಗೆ ಇಡಬೇಕು, ಕೇಳುವವರ ಕಡೆ ಮುಖ ಇರಬೇಕು, ಈ ಥರ. ಮಾತು ಸರಿಮಾಡಿಕೊಳ್ಳಲು ಒಬ್ಬ ಮೇಷ್ಟ್ರ ಹತ್ತಿರ ದುಡ್ಡು ಕೊಟ್ಟು ಪಾಠ ಹೇಳಿಸಿಕೊಂಡರು. ಮಾತು ಜಾಸ್ತಿ ವೇಗ ಆದರೆ ನಿಧಾನ ಅಂತ ಬರೆದ ಒಂದು ಚೀಟಿಯನ್ನು ಮುಂದೆ ಇಡುವಂತೆ ಸಹಾಯಕನಿಗೆ ಹೇಳಿದ್ದರು. ಹೊತ್ತಾದರೆ ಹೊತ್ತಾಯಿತು ಅನ್ನೋ ಚೀಟಿ. ನಾನು ಎರಡು ಪುಟ ಹತ್ತು ನಿಮಿಷಕ್ಕೆ ಮುಗಿಸಿದವನು. ನನಗೆ ಅಂಥ ಚೀಟಿ ಎಷ್ಟು ಬೇಕಿತ್ತೋ!

ಪಾಠ ಮಾಡಲು ಹೊರಟ ಒಬ್ಬ ಯುವಕನಿಗೆ ಅವರು ಒಂದು ಬುದ್ಧಿ ಹೇಳಿದ್ದರಂತೆ. ಕೈಯಲ್ಲಿರುವ ಕಲ್ಲನ್ನು ಬಿಟ್ಟರೆ ನೆಲಕ್ಕೆ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಬರೀ ಬಾಯಲ್ಲಿ ಹೇಳಬಾರದು, ಕಲ್ಲನ್ನು ಬಿಟ್ಟೇ ತೋರಿಸಬೇಕು ಅಂತ. ಕಿವಿಯಿಂದ ಕೇಳಿದ್ದು ಕಣ್ಣಿಗೂ ಕಾಣಬೇಕು ಅನ್ನೋದು ಅವರ ಪದ್ಧತಿ.

1855ರ ಡಿಸೆಂಬರಿನಲ್ಲಿ ಅವರ ಮಕ್ಕಳ ಪಾಠಕ್ಕೆ ವಿಕ್ಟೋರಿಯಾ ರಾಣಿಯ ಗಂಡ ಮತ್ತು ರಾಜಕುಮಾರರು ಬಂದು ಕೂತಿದ್ದರು. ಅವರು ಪಾಠ ಮಾಡುತ್ತಿರುವ ಚಿತ್ರವನ್ನು 1991ರಿಂದ 2001ರ ತನಕ ಇಂಗ್ಲೆಂಡಿನ 20 ಪೌಂಡ್ ನೋಟಿನ ಮೇಲೆ ಹಾಕಿದ್ದರು. ಕಮ್ಮಾರನ ಮಗ ನೋಟಿನ ಮೇಲೆ ಬಂದ!

ಒಂದು ಮೇಣದಬತ್ತಿಯಲ್ಲಿ ಎಷ್ಟಿದೆ

1860ರಲ್ಲಿ ಫ್ಯಾರಡೆಯವರಿಗೆ 69 ವರ್ಷ. ನೆನಪು ಕೈಕೊಡುತ್ತಿತ್ತು. ಆ ವರ್ಷದ ರಜೆಯಲ್ಲಿ ಆರು ದಿನ ಮಕ್ಕಳಿಗೆ ಅವರು ಪಾಠ ಮಾಡಿದ್ದು ಒಂದು ಮೇಣದಬತ್ತಿಯ ಬಗ್ಗೆ. ಈ ವಿಷಯವನ್ನು 1848ರಲ್ಲೂ ಒಮ್ಮೆ ಪಾಠ ಮಾಡಿದ್ದರು. ಇದು 1861ರಲ್ಲಿ ಪುಸ್ತಕವಾಗಿ ಬಂತು. ಮೇಣದಬತ್ತಿಯ ರಾಸಾಯನಿಕ ಚರಿತ್ರೆ ಅಂತ ಅದರ ಹೆಸರು.

ಯಾರ ಮನೆಯಲ್ಲೂ ಇರುವ ಒಂದು ಬತ್ತಿಯನ್ನು ಹಚ್ಚಿಟ್ಟು ಅವರು ಪ್ರಶ್ನೆ ಹುಟ್ಟಿಸಿದರು. ಬೆಂಕಿ ಇರೋದು ಮೇಲೆ, ಮೇಣ ಇರೋದು ಕೆಳಗೆ. ಕರಗಿದ ಮೇಣ ಮೇಲಕ್ಕೆ ಹೇಗೆ ಹೋಗುತ್ತದೆ? ಉಪ್ಪನ್ನು ಗೋಪುರದ ಹಾಗೆ ನಿಲ್ಲಿಸಿ, ಬುಡಕ್ಕೆ ನೀಲಿ ಬಣ್ಣದ ಉಪ್ಪುನೀರು ಹಾಕಿ, ಅದು ಮೆಲ್ಲಗೆ ಮೇಲೇರುವುದನ್ನು ತೋರಿಸಿದರು. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಹೀಗೇ. ಬತ್ತಿಯ ಸುತ್ತ ಮೇಣ ಬಟ್ಟಲಿನ ಹಾಗೆ ಯಾಕೆ ಆಗುತ್ತದೆ? ಸುತ್ತಲಿನ ಗಾಳಿ ಕೆಳಗಿನಿಂದ ಮೇಲೆ ಏಳುತ್ತಾ ಅಂಚನ್ನು ತಂಪಾಗಿ ಇಡುವುದರಿಂದ ಅಂಚು ಕರಗದೆ ನಿಲ್ಲುತ್ತದೆ. ಜ್ವಾಲೆಯ ನಡುವಿನ ಕಪ್ಪು ಭಾಗದಲ್ಲಿ ಏನಿದೆ? ಅಲ್ಲಿಗೆ ಒಂದು ಗಾಜಿನ ಕೊಳವೆಯ ತುದಿ ಇಟ್ಟರೆ ಮೇಣದ ಆವಿ ಹೊರಬರುತ್ತದೆ, ಕೊಳವೆಯ ಇನ್ನೊಂದು ತುದಿಯಲ್ಲಿ ಕಡ್ಡಿ ಗೀರಿದರೆ ಅಲ್ಲೂ ಉರಿಯುತ್ತದೆ. ಅಂದರೆ ಉರಿಯುವುದು ಮೇಣದ ಆವಿ. ಬೆಳಕು ಎಲ್ಲಿಂದ ಬರುತ್ತದೆ? ಜ್ವಾಲೆಯಲ್ಲಿರುವ ಇಂಗಾಲದ ಸಣ್ಣ ಕಣಗಳು ಕಾದು ಹೊಳೆಯುವುದರಿಂದ. ಅವೇ ಉರಿಯದೆ ಉಳಿದರೆ ಮಸಿ.

ಒಂದು ದೊಡ್ಡ ಹಡಗು 1782ರಲ್ಲಿ ಮುಳುಗಿತ್ತು. ಅದರಲ್ಲಿದ್ದ ಒಂದು ಮೇಣದಬತ್ತಿಯನ್ನು ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಸಮುದ್ರದ ತಳದಿಂದ ತೆಗೆದಿದ್ದರು. ಫ್ಯಾರಡೆಯವರು ಅದನ್ನೂ ತಂದು ಮಕ್ಕಳಿಗೆ ತೋರಿಸಿದರು. ಹಚ್ಚಿದರೆ ಅದು ಇನ್ನೂ ಉರಿಯುತ್ತಿತ್ತು!

ಕೊನೆಯ ದಿನ ಅವರು ನಮ್ಮ ಉಸಿರಿಗೂ ಮೇಣದಬತ್ತಿಗೂ ಸಂಬಂಧ ಇದೆ ಅಂತ ತೋರಿಸಿದರು. ಬತ್ತಿ ಉರಿಯುವಾಗ ಗಾಳಿಯ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ನಾವೂ ಅದೇ ಮಾಡುತ್ತೇವೆ. ನಾವು ತಿಂದ ಅನ್ನವೇ ನಮ್ಮ ಮೇಣ.

ತಮ್ಮ ಮನಸ್ಸನ್ನೇ ಪರೀಕ್ಷೆ ಮಾಡುವುದು

1853ರ ಸುಮಾರಿಗೆ ಲಂಡನ್ನಿನಲ್ಲಿ ಒಂದು ಹುಚ್ಚು ಹಬ್ಬಿತ್ತು. ಮೇಜಿನ ಸುತ್ತ ಜನ ಕೈ ಇಟ್ಟು ಕೂರುವುದು, ಮೇಜು ತಾನೇ ಚಲಿಸಿತು, ಆತ್ಮ ಬಂತು ಅನ್ನುವುದು. ಫ್ಯಾರಡೆಯವರು ಬಾಯಿ ಮಾತಲ್ಲಿ ಸುಳ್ಳು ಅನ್ನಲಿಲ್ಲ. ಕೈಗೂ ಮೇಜಿಗೂ ನಡುವೆ ಜಾರುವ ಹಲಗೆಯ ಉಪಕರಣ ಇಟ್ಟು ನೋಡಿದರು. ಕೂತವರ ಕೈಗಳೇ ಅವರಿಗೆ ಗೊತ್ತಿಲ್ಲದ ಹಾಗೆ ಮೇಜನ್ನು ತಳ್ಳುತ್ತಿದ್ದವು. ಅವರು ಮೋಸಗಾರರಲ್ಲ, ತಮಗೆ ತಾವೇ ಮೋಸ ಹೋದವರು. ಓದಿದವರೂ ಇದನ್ನು ನಂಬಿದ್ದು ಕಂಡು ಅವರಿಗೆ ತುಂಬಾ ದುಃಖವಾಯಿತು. ಶಾಲೆಯಲ್ಲಿ ಯೋಚಿಸುವುದನ್ನೇ ಕಲಿಸುತ್ತಿಲ್ಲ ಅಂತ ಮುಂದಿನ ವರ್ಷ ಅದರ ಬಗ್ಗೆಯೇ ಒಂದು ಉಪನ್ಯಾಸ ಮಾಡಿದರು.

ಆ ಕಾಲದ ಇಂಗ್ಲೆಂಡಿನ ದೊಡ್ಡ ಶಾಲೆಗಳಲ್ಲಿ ಹಳೆಯ ಭಾಷೆಗಳನ್ನೇ ಹೆಚ್ಚು ಕಲಿಸುತ್ತಿದ್ದರು, ವಿಜ್ಞಾನ ಇಲ್ಲವೆನ್ನುವಷ್ಟು ಕಡಿಮೆ. 1862ರಲ್ಲಿ ಸರ್ಕಾರದ ಆಯೋಗ ಫ್ಯಾರಡೆಯವರನ್ನು ಕರೆದು ಅಭಿಪ್ರಾಯ ಕೇಳಿತು. ಸರಳವಾಗಿ ವಿವರಿಸಿ ಪ್ರಯೋಗ ತೋರಿಸಿದರೆ ಅರ್ಥ ಮಾಡಿಕೊಳ್ಳದ ಹುಡುಗನನ್ನು ತಾವು ಇದುವರೆಗೆ ಕಂಡೇ ಇಲ್ಲ ಅಂತ ಅವರು ಹೇಳಿದರು. ಮಕ್ಕಳಿಗೆ ಬರುವುದಿಲ್ಲ ಅನ್ನುವವರಿಗೆ ಅದು ಉತ್ತರ.

ಕೊನೆಯ ದಿನಗಳು

ಫ್ಯಾರಡೆಯವರಿಗೆ ಸರ್ ಪದವಿ ಕೊಡುತ್ತೇವೆ ಅಂದಾಗ ಬೇಡ ಅಂದರು. ರಾಯಲ್ ಸೊಸೈಟಿಯ ಅಧ್ಯಕ್ಷರಾಗಿ ಅಂತ ಎರಡು ಸಲ ಕೇಳಿದರೂ ಒಪ್ಪಲಿಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್ ಎಂಬಲ್ಲಿ ವಾಸಕ್ಕೆ ಒಂದು ಮನೆ ಕೊಟ್ಟರು. ಅಲ್ಲಿಯೇ 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕೂತಿದ್ದಂತೆಯೇ ತೀರಿಕೊಂಡರು. ರಾಜರನ್ನು ಮಣ್ಣು ಮಾಡುವ ದೊಡ್ಡ ಚರ್ಚಿನಲ್ಲಿ ಜಾಗ ಬೇಡ ಅಂತ ಮೊದಲೇ ಹೇಳಿದ್ದರು. ಹೈಗೇಟ್ ಎಂಬಲ್ಲಿ ಸಾದಾ ಸಮಾಧಿ ಇದೆ. ಅವರು ಬೆಳೆಸಿದ ಮಕ್ಕಳ ಪಾಠ ಎರಡನೇ ಮಹಾಯುದ್ಧದ ಕೆಲವು ವರ್ಷ ಬಿಟ್ಟು ಇಂದಿಗೂ ನಡೆದುಕೊಂಡು ಬಂದಿದೆ.

ನನ್ನ ಎರಡನೇ ಪಾಠ

ಮುಂದಿನ ಶನಿವಾರ ನಾನು ನಾಲ್ಕನೇ ತರಗತಿಗೆ ಮತ್ತೆ ಹೋದೆ. ಈ ಸಲ ಬಾಯಿಪಾಠ ಮಾಡಿರಲಿಲ್ಲ. ಒಂದು ಮೇಣದಬತ್ತಿ, ಹೂಜಿಯ ತಣ್ಣೀರು ತುಂಬಿದ ಸ್ಟೀಲ್ ಲೋಟ, ಅಜ್ಜಿಯ ಎಲೆಅಡಿಕೆ ಸುಣ್ಣವನ್ನು ರಾತ್ರಿ ನೀರಲ್ಲಿ ಕಲಸಿಟ್ಟು ಬೆಳಿಗ್ಗೆ ಮೇಲಿಂದ ಬಗ್ಗಿಸಿದ ತಿಳಿನೀರು, ಒಂದು ಪರಂಗಿ ಎಲೆಯ ದಂಟು ತಗೊಂಡು ಹೋದೆ. ಬೆಂಕಿ ಕಡ್ಡಿಯನ್ನು ಮೇಷ್ಟ್ರೇ ಹಿಡಿದುಕೊಂಡರು. ಮಕ್ಕಳನ್ನೆಲ್ಲ ಸುತ್ತ ಕೂರಿಸಿದೆ. ಗಾಳಿ ಬರದಂತೆ ಕಿಟಕಿ ಹಾಕಿದೆವು. ಮೊದಲು ಏನು ಕಾಣುತ್ತೆ ಹೇಳಿ ಅಂದೆ. ನೀಲಿ ಇದೆ, ಹಳದಿ ಇದೆ, ನಡುವೆ ಕಪ್ಪು ಇದೆ ಅಂತ ಒಬ್ಬೊಬ್ಬರೇ ಹೇಳಿದರು. ಬತ್ತಿಯನ್ನು ಊದಿ ಆರಿಸಿದಾಗ ಬಿಳಿ ಹೊಗೆ ಎದ್ದಿತು. ಮೇಷ್ಟ್ರು ಉರಿಯುವ ಕಡ್ಡಿಯನ್ನು ಆ ಹೊಗೆಗೆ ಹಿಡಿದರು. ಬತ್ತಿಗೆ ಮುಟ್ಟಿಸಲೇ ಇಲ್ಲ, ಬೆಂಕಿ ಹೊಗೆಯ ಮೇಲೆ ಜಿಗಿದು ಬಂದು ಬತ್ತಿ ಹತ್ತಿಕೊಂಡಿತು. ಮಕ್ಕಳು ಹೋ ಅಂತ ಕೂಗಿದರು. ಇನ್ನೊಂದು ಸಲ, ಇನ್ನೊಂದು ಸಲ ಅಂತ ಐದು ಸಲ ಮಾಡಿಸಿದರು. ಮೇಕೆ ಮರಿಯನ್ನು ಯಾರೂ ನೆನೆಯಲಿಲ್ಲ.

ಆಮೇಲೆ ಏನಾದರೂ ಕೇಳಿ ಅಂದೆ. ರ ಬಾರದ ಆ ಹುಡುಗನ ಕಡೆ ನೋಡಿ, ಹೋದ ವಾರ ನಾನು ನಕ್ಕಿದ್ದು ತಪ್ಪು ಕಣಪ್ಪಾ, ನೀನು ಏನು ಕೇಳಬೇಕು ಅಂತಿದ್ದೆ ಅಂತ ಎಲ್ಲರ ಎದುರಿಗೇ ಕೇಳಿದೆ. ಅವನು ಬಹಳ ಹೊತ್ತು ತಲೆ ತಗ್ಗಿಸಿಕೊಂಡೇ ಇದ್ದ. ಆಮೇಲೆ ಮೆಲ್ಲಗೆ ಕೇಳಿದ. ಕಟ್ಟಿಗೆ ಉರಿದರೆ ಬೂದಿ ಉಳಿಯುತ್ತೆ, ಮೇಣದಬತ್ತಿ ಪೂರ್ತಿ ಉರಿದುಹೋದರೆ ಏನೂ ಉಳಿಯಲ್ಲ, ಆ ಮೇಣ ಎಲ್ಲಿಗೆ ಹೋಯ್ತಣ್ಣ ಅಂತ. ಈ ಸಲ ಯಾರೂ ನಗಲಿಲ್ಲ. ಯಾಕಂದರೆ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಫ್ಯಾರಡೆಯವರು ಆ ಆರು ದಿನವೂ ಮಕ್ಕಳಿಗೆ ತೋರಿಸಿದ್ದು ಹೆಚ್ಚುಕಮ್ಮಿ ಇದೇ ಪ್ರಶ್ನೆಯ ಉತ್ತರ. ನಾನು ಬಾಯಲ್ಲಿ ಹೇಳಲಿಲ್ಲ. ತಣ್ಣೀರಿನ ಲೋಟದ ತಳ ಒರೆಸಿ, ಜ್ವಾಲೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದೆ. ತಳದಲ್ಲಿ ಮಂಜು ಕೂತಿತು. ಅವನೇ ಬೆರಳಲ್ಲಿ ಮುಟ್ಟಿ ನೋಡಿ ನೀರು ಅಂದ. ಆಮೇಲೆ ಗಾಜಿನ ಜಾಡಿಯನ್ನು ಬತ್ತಿಯ ಮೇಲೆ ಬೋರಲು ಹಾಕಿದೆವು. ಬತ್ತಿ ಆರಿದ ಮೇಲೆ ಬಾಯಿ ಮುಚ್ಚಿ ಎತ್ತಿ, ಸುಣ್ಣದ ತಿಳಿನೀರು ಹಾಕಿ ಕುಲುಕಿದೆವು. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಕೊನೆಗೆ ಬೇರೆ ತಿಳಿನೀರಿಗೆ ಮೇಷ್ಟ್ರು ಪರಂಗಿ ದಂಟಿನಿಂದ ಉಸಿರು ಊದಿದರು. ಅದೂ ಬೆಳ್ಳಗಾಯಿತು. ಸುಣ್ಣದ ನೀರು ಬಾಯಿಗೆ, ಕಣ್ಣಿಗೆ ಹೋಗಬಾರದು, ಆದ್ದರಿಂದ ಇದನ್ನು ದೊಡ್ಡವರೇ ಮಾಡಬೇಕು. ಮೇಣ ಎಲ್ಲೂ ಮಾಯವಾಗಿಲ್ಲ, ನೀರಿನ ಆವಿಯಾಗಿ, ಇಂಗಾಲದ ಡೈ ಆಕ್ಸೈಡ್ ಆಗಿ ನಮ್ಮ ಕೋಣೆಯ ಗಾಳಿಯಲ್ಲೇ ಇದೆ ಅಂದೆ. ಆ ಹುಡುಗ ತಲೆ ಎತ್ತಿ ಕೋಣೆಯ ಗಾಳಿಯನ್ನೇ ನೋಡಿದ.

ಈಗ ಅವನು ನನ್ನನ್ನು ಕಂಡಾಗಲೆಲ್ಲ ಒಂದೊಂದು ಪ್ರಶ್ನೆ ಕೇಳ್ತಾನೆ. ಅರ್ಧಕ್ಕರ್ಧ ನನಗೆ ಗೊತ್ತಿರಲ್ಲ. ಮೇಷ್ಟ್ರನ್ನ ಕೇಳಿಕೊಂಡು ಹೇಳ್ತೀನಿ ಅಂತೀನಿ.

ಸ್ನೇಹಿತರೇ, ಫ್ಯಾರಡೆಯವರಿಂದ ನಾವು ಕಲಿಯಬೇಕಾದ್ದು ಬಹಳ ಇದೆ. ಬಡತನ ಇದ್ದರೂ ಓದು ಬಿಡಬಾರದು. ಓದಿದ್ದನ್ನು ಮಾಡಿ ನೋಡಬೇಕು. ಗೊತ್ತಿದ್ದನ್ನು ಚಿಕ್ಕವರಿಗೆ ಪ್ರೀತಿಯಿಂದ ಹೇಳಿಕೊಡಬೇಕು. ಯಾರಾದರೂ ಪ್ರಶ್ನೆ ಕೇಳಲು ಎದ್ದು ನಿಂತಾಗ, ಅವರ ಮಾತು ಹೇಗೇ ಇರಲಿ, ನಗಬಾರದು. ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.



ಏಳನೇ ತರಗತಿ